ಒಬ್ಬರ ಹಕ್ಕು, ಮತ್ತೊಬ್ಬರ ಮತ: ಅಮೆರಿಕದ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳು ಮತಪತ್ರಕ್ಕೆ ಬಂದಾಗ

ಪ್ರಶ್ನೆ: ಮೈಸೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಇಪ್ಪತ್ತು ವರ್ಷಗಳಾದವು. ಪೌರತ್ವ ಸಿಕ್ಕಿದ ಮೇಲೆ 2024ರ ನವೆಂಬರ್‌ನಲ್ಲಿ ಮೊದಲ ಸಲ ಮತ ಹಾಕಿದೆ. ಅಧ್ಯಕ್ಷರ ಆಯ್ಕೆಯ ಜೊತೆಗೆ ಹತ್ತು ಪ್ರಪೊಸಿಷನ್‌ಗಳೂ, ಅಂದರೆ ಮತದಾರರೇ ಹೌದು ಅಥವಾ ಇಲ್ಲ ಎಂದು ನೇರವಾಗಿ ತೀರ್ಮಾನಿಸುವ ಪ್ರಸ್ತಾವಗಳೂ ಇದ್ದವು. ಸಲಿಂಗ ವಿವಾಹದ ಮೇಲಿನ ನಿಷೇಧವನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕೆ ಎಂದು ಮೂರನೇ ಸಂಖ್ಯೆಯದು ಕೇಳುತ್ತಿತ್ತು. ಅದು 2015ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವಿಷಯವೆಂದು ನಾನು ತಿಳಿದಿದ್ದೆ. ಕೈದಿಗಳಿಂದ ಬಲವಂತದ ದುಡಿಮೆ ಮಾಡಿಸುವುದನ್ನು ನಿಲ್ಲಿಸಬೇಕೆ ಎಂಬ ಆರನೇ ಸಂಖ್ಯೆಯದು ಸೋತುಹೋಯಿತು. ಒಂದೇ ದಿನ, ಅದೇ ಮತದಾರರು ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂದದ್ದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಇನ್ನೊಬ್ಬರ ಮೂಲಭೂತ ಹಕ್ಕನ್ನು ನನ್ನಂಥವರ ಕೈಗೆ ಕೊಟ್ಟು ಹೌದೋ ಅಲ್ಲವೋ ಎಂದು ಕೇಳುವುದು ನ್ಯಾಯವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಆದರೆ ಮೂರನೇ ಪ್ರಪೊಸಿಷನ್ ಏಕೆ ಬಂತು ಎಂಬುದನ್ನು ಬಿಡಿಸಿಕೊಳ್ಳದೆ ಅದಕ್ಕೆ ನೆಟ್ಟಗೆ ಉತ್ತರಿಸಲಾಗದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು ಮಾತ್ರ ಎಂಬ ಕಾನೂನನ್ನು ಕ್ಯಾಲಿಫೋರ್ನಿಯಾದ ಮತದಾರರು 2000ದಲ್ಲಿ ಶೇಕಡಾ 61ರಷ್ಟು ಮತಗಳಿಂದ ಅಂಗೀಕರಿಸಿದ್ದರು. ಅದು ಬರಿಯ ಕಾನೂನಾಗಿತ್ತು, ಸಂವಿಧಾನದ ಭಾಗವಾಗಿರಲಿಲ್ಲ. ಹೀಗಾಗಿ 2008ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಈ ಕಾನೂನು ರಾಜ್ಯದ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ನಾಲ್ಕು ಮೂರರ ಬಹುಮತದಿಂದ ತಳ್ಳಿಹಾಕಲು ಸಾಧ್ಯವಾಯಿತು. ಅಲ್ಲಿಂದ ಮುಂದಿನ ಐದು ತಿಂಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾದವು. ಅಷ್ಟರಲ್ಲಿ ಸಂವಿಧಾನವನ್ನೇ ಬದಲಿಸುವ ಎಂಟನೇ ಪ್ರಪೊಸಿಷನ್ ಸಿದ್ಧವಾಗಿತ್ತು. ಇಂಗ್ಲಿಷಿನಲ್ಲಿ ಅದರ ತಿರುಳು ಹದಿನಾಲ್ಕೇ ಪದಗಳ ಒಂದು ವಾಕ್ಯ. ನವೆಂಬರ್ 4ರಂದು ಸುಮಾರು 70 ಲಕ್ಷ ಜನ ಪರವಾಗಿಯೂ 64 ಲಕ್ಷ ಜನ ವಿರುದ್ಧವಾಗಿಯೂ ಮತ ಹಾಕಿದರು. ಶೇಕಡಾ 52ರಷ್ಟು ಬೆಂಬಲದಿಂದ ಅದು ಸಂವಿಧಾನದ ಒಂದನೇ ವಿಧಿಯೊಳಗೆ ಸೇರಿಕೊಂಡಿತು. ಬರಾಕ್ ಒಬಾಮಾ ಅವರನ್ನು ಶೇಕಡಾ 61ರಷ್ಟು ಮತಗಳಿಂದ ಗೆಲ್ಲಿಸಿದವರೂ ಇದೇ ಮತದಾರರು. ಸಾಕಣೆಯ ಕೋಳಿಗಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಬೇಕೆಂಬ ಪ್ರಪೊಸಿಷನ್ನೂ ಅದೇ ಮತಪತ್ರದಲ್ಲಿತ್ತು, ಶೇಕಡಾ 63ರಷ್ಟು ಮತ ಪಡೆದು ಗೆದ್ದಿತು. ಆ ರಾತ್ರಿ ಫಲಿತಾಂಶ ನೋಡುತ್ತಾ ಕುಳಿತಿದ್ದ, ಅಷ್ಟರಲ್ಲೇ ಮದುವೆಯಾಗಿದ್ದ ಜೋಡಿಗಳ ಮನಸ್ಸಿನಲ್ಲಿ ಏನಾಗಿರಬೇಕು ಎಂಬುದನ್ನು ನಾನು ಈಗಲೂ ಯೋಚಿಸುತ್ತೇನೆ. ತಮ್ಮ ಮದುವೆ ಉಳಿಯುತ್ತದೆಯೋ ಇಲ್ಲವೋ ಎಂಬುದು ಅವರಿಗೆ ಖಚಿತವಾಗಲು 2009ರ ಮೇ ತನಕ ಕಾಯಬೇಕಾಯಿತು.

ಪ್ರಪೊಸಿಷನ್ 8 ಅನ್ನು ಫೆಡರಲ್ ನ್ಯಾಯಾಧೀಶ ವಾನ್ ವಾಕರ್ 2010ರ ಆಗಸ್ಟ್‌ನಲ್ಲಿ ರದ್ದುಪಡಿಸಿದರು. ಮೇಲ್ಮನವಿ ದೇಶದ ಸುಪ್ರೀಂ ಕೋರ್ಟಿಗೆ ಹೋದಾಗ ಅಲ್ಲಿನ ನ್ಯಾಯಾಧೀಶರು 2013ರ ಜೂನ್‌ನಲ್ಲಿ, ಪ್ರಪೊಸಿಷನ್ನಿನ ಪ್ರವರ್ತಕರಿಗೆ ಈ ಮೊಕದ್ದಮೆ ಮುಂದುವರಿಸುವ ಅಧಿಕಾರವೇ ಇಲ್ಲ ಎಂದು ಹೇಳಿ, ಮೂಲ ಪ್ರಶ್ನೆಯನ್ನು ಮುಟ್ಟದೆ ಬಿಟ್ಟರು. ಮದುವೆಗಳು ಮತ್ತೆ ಆರಂಭವಾದವು. 2015ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪೂ ಬಂತು. ಆದರೆ ಗಮನಿಸಿ: ನ್ಯಾಯಾಲಯ ಒಂದು ವಾಕ್ಯವನ್ನು ಜಾರಿ ಮಾಡಬೇಡಿ ಎಂದು ಹೇಳಬಲ್ಲುದು, ಸಂವಿಧಾನದ ಪುಸ್ತಕದಿಂದ ಅದನ್ನು ಅಳಿಸಿಹಾಕಲಾರದು. ಅಳಿಸುವ ಅಧಿಕಾರ ಇರುವುದು ಮತದಾರರಿಗೆ ಮಾತ್ರ. ಹೀಗೆ ಆ ಹದಿನಾಲ್ಕು ಪದಗಳು ಹದಿನಾರು ವರ್ಷ ಅಲ್ಲೇ ಉಳಿದಿದ್ದವು.

ಸತ್ತ ವಾಕ್ಯಕ್ಕೆ ಹೆದರುವುದೇಕೆ ಎಂದು ನೀವು ಕೇಳಬಹುದು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿನ ಐವತ್ತು ವರ್ಷಗಳಷ್ಟು ಹಳೆಯ ತೀರ್ಪನ್ನು ಹಿಂತೆಗೆದುಕೊಂಡಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಪ್ರತ್ಯೇಕವಾಗಿ ಬರೆಯುತ್ತಾ, ಸಲಿಂಗ ವಿವಾಹದ ತೀರ್ಪನ್ನೂ ಮರುಪರಿಶೀಲಿಸಬೇಕು ಎಂದರು. ಎರಡು ವರ್ಷ ಕಳೆಯುವಷ್ಟರಲ್ಲಿ, ಅರಿಜೋನಾ ಇನ್ನೂ ರಾಜ್ಯವೇ ಆಗಿರದ 1864ರಲ್ಲಿ ಬರೆದಿದ್ದ ಗರ್ಭಪಾತ ನಿಷೇಧವನ್ನು ಜಾರಿ ಮಾಡಬಹುದು ಎಂದು ಅಲ್ಲಿನ ನ್ಯಾಯಾಲಯ ಹೇಳಿಬಿಟ್ಟಿತು. ಅಲ್ಲಿನ ಶಾಸಕರು ಅದನ್ನು ತರಾತುರಿಯಲ್ಲಿ ರದ್ದು ಮಾಡಬೇಕಾಯಿತು. ಪುಸ್ತಕದಲ್ಲಿ ಉಳಿದ ಕಾನೂನು ನಿದ್ದೆಯಲ್ಲಿರುತ್ತದೆ, ಸತ್ತಿರುವುದಿಲ್ಲ. ಕ್ಯಾಲಿಫೋರ್ನಿಯಾದ ಶಾಸಕಾಂಗ ಮೂರನೇ ಪ್ರಪೊಸಿಷನ್ನನ್ನು ನಿಮ್ಮ ಮುಂದಿಟ್ಟದ್ದು ಇದಕ್ಕಾಗಿಯೇ. ಶೇಕಡಾ 62ಕ್ಕೂ ಹೆಚ್ಚು ಮತದಾರರು ಹೌದು ಎಂದರು. ಹಳೆಯ ವಾಕ್ಯ ಹೋಯಿತು, ಮದುವೆಯಾಗುವುದು ಮೂಲಭೂತ ಹಕ್ಕು ಎಂಬ ವಾಕ್ಯ ಆ ಜಾಗದಲ್ಲಿ ಬಂತು. ಅದೇ ದಿನ ಕೊಲೊರಾಡೊ ಮತ್ತು ಹವಾಯಿ ರಾಜ್ಯಗಳ ಮತದಾರರೂ ತಮ್ಮ ಸಂವಿಧಾನಗಳಲ್ಲಿ ಇಂಥದೇ ಹಳೆಯ ಮಾತುಗಳನ್ನು ತೆಗೆದುಹಾಕಿದರು. ನಿಮ್ಮ ಮೊದಲ ಮತ ವ್ಯರ್ಥವಾಗಲಿಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಇನ್ನು, ಇಂಥ ವಿಷಯಗಳು ಮತದಾರರ ಮುಂದೆ ಬರುವುದಾದರೂ ಹೇಗೆ? ಡೆಲಾವೇರ್ ಒಂದನ್ನು ಬಿಟ್ಟರೆ ಅಮೆರಿಕದ ಉಳಿದೆಲ್ಲ ರಾಜ್ಯಗಳಲ್ಲೂ ಸಂವಿಧಾನ ತಿದ್ದುಪಡಿಗೆ ಜನರ ಒಪ್ಪಿಗೆ ಬೇಕು. ಇದಲ್ಲದೆ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಜನರೇ ಸಹಿ ಸಂಗ್ರಹಿಸಿ, ಶಾಸಕಾಂಗದ ಗೊಡವೆಯಿಲ್ಲದೆ ಕಾನೂನನ್ನೋ ತಿದ್ದುಪಡಿಯನ್ನೋ ಮತಪತ್ರಕ್ಕೆ ತರಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡಾ 5ರಷ್ಟು ಸಹಿಗಳಿದ್ದರೆ ಕಾನೂನು, ಶೇಕಡಾ 8ರಷ್ಟಿದ್ದರೆ ಸಂವಿಧಾನ ತಿದ್ದುಪಡಿ. 2022ರ ಗವರ್ನರ್ ಚುನಾವಣೆಯ ಲೆಕ್ಕದಲ್ಲಿ ಎರಡನೆಯದಕ್ಕೆ 8,74,641 ಸಹಿ ಬೇಕು. ಅದಾದ ಮೇಲೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಿದ್ದರೆ ಸಾಕು. ದೇಶದ ಸಂವಿಧಾನ ತಿದ್ದಲು ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತವೂ ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆಯೂ ಬೇಕಾಗುವಾಗ, ನಾಲ್ಕು ಕೋಟಿ ಜನರ ಒಂದು ರಾಜ್ಯದ ಮೂಲ ಕಾನೂನು ಇಷ್ಟು ಸಲೀಸಾಗಿ ಬದಲಾಗಬಲ್ಲುದು ಎಂಬುದು ನಮ್ಮ ಕಡೆಯಿಂದ ಹೋದವರಿಗೆ ಅಚ್ಚರಿಯಾಗುವುದು ಸಹಜ. ನಮ್ಮ ಸಂವಿಧಾನದಲ್ಲಿ ತಿದ್ದುಪಡಿ ಸಂಸತ್ತಿನ ಕೆಲಸ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಮತದಾರರನ್ನು ನೇರವಾಗಿ ಕೇಳುವ ಏರ್ಪಾಡು ಅಲ್ಲಿ ಇಲ್ಲ.

ಈ ಪದ್ಧತಿ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲ್ವೆ ಕಂಪನಿಗಳ ಕಿಸೆಯಲ್ಲಿದ್ದ ಶಾಸಕಾಂಗದಿಂದ ಅಧಿಕಾರವನ್ನು ಜನರ ಕೈಗೆ ತರಬೇಕೆಂದು ಗವರ್ನರ್ ಹೈರಮ್ ಜಾನ್ಸನ್ ಇದನ್ನು ಮುಂದಿಟ್ಟರು, 1911ರ ಅಕ್ಟೋಬರ್ 10ರಂದು ಮತದಾರರು ಒಪ್ಪಿದರು. ಅದೇ ದಿನ ಇನ್ನೊಂದು ಪ್ರಶ್ನೆಯೂ ಮತಪತ್ರದಲ್ಲಿತ್ತು: ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೆ? ಸ್ಯಾನ್ ಫ್ರಾನ್ಸಿಸ್ಕೊ ಬೇಡ ಎಂದಿತು. ಮೊದಲ ಎಣಿಕೆಯಲ್ಲಿ ಸೋತೇಹೋಯಿತು ಎನ್ನಿಸಿತ್ತು. ಆಮೇಲೆ ಹಳ್ಳಿಗಾಡಿನ ಕೌಂಟಿಗಳ ಮತಗಳು ಒಂದೊಂದಾಗಿ ಬಂದು, ಕೊನೆಗೆ ಇಡೀ ರಾಜ್ಯದಲ್ಲಿ 3,587 ಮತಗಳ ಅಂತರದಿಂದ ಅದು ಗೆದ್ದಿತು.

ಈ 3,587 ಎಂಬ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಬೇಕು. ಆ ದಿನ ಮತ ಹಾಕಿದವರೆಲ್ಲ ಗಂಡಸರು. ಯಾರ ಹಕ್ಕಿನ ಪ್ರಶ್ನೆಯೋ ಅವರಲ್ಲಿ ಒಬ್ಬರ ಕೈಯಲ್ಲೂ ಮತಪತ್ರ ಇರಲಿಲ್ಲ. ಒರೆಗಾನ್ ರಾಜ್ಯದಲ್ಲಿ ಗಂಡಸರು 1884ರಿಂದ 1910ರವರೆಗೆ ಐದು ಸಲ ಬೇಡ ಎಂದು, ಆರನೇ ಸಲ 1912ರಲ್ಲಿ ಆಗಲಿ ಎಂದರು. ಹಕ್ಕನ್ನು ಕೇಳುವವರು ಮತಗಟ್ಟೆಯ ಹೊರಗೆ, ಕೊಡುವವರು ಒಳಗೆ: ಅಮೆರಿಕದ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳ ಜನಮತಗಳನ್ನು ವರ್ಷಗಟ್ಟಲೆ ಓದುತ್ತಾ ಬಂದ ನನಗೆ ಮತ್ತೆ ಮತ್ತೆ ಎದುರಾದ ಚಿತ್ರ ಇದೇ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದೂ ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಜನ ಗೆದ್ದರೋ ಸೋತರೋ ಎಂದು ಕೇಳುವುದಕ್ಕೆ ಮೊದಲು, ಮತಪತ್ರದಲ್ಲಿ ಯಾರ ಬದುಕು ಇತ್ತು, ಅವರ ಹೆಸರು ಮತದಾರರ ಪಟ್ಟಿಯಲ್ಲಿ ಇತ್ತೆ, ಎಂದು ಕೇಳಬೇಕು.

ಇದಕ್ಕೆ ನಮಗೆ ಹತ್ತಿರದ ಒಂದು ನಿದರ್ಶನವಿದೆ, ಅಲ್ಲಿನ ಕನ್ನಡಿಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ್ದು. 1920ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಒಂದನೇ ಪ್ರಪೊಸಿಷನ್ ಬಂತು. ಪೌರತ್ವ ಪಡೆಯಲು ಅರ್ಹತೆ ಇಲ್ಲದ ಪರದೇಶಿಯರು ಬೇಸಾಯದ ಭೂಮಿಯನ್ನು ಕೊಳ್ಳುವುದಿರಲಿ, ಗೇಣಿಗೆ ಹಿಡಿಯುವಂತೆಯೂ ಇಲ್ಲ ಎನ್ನುವುದು ಅದರ ಸಾರ. ಕಾನೂನಿನಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಆಗಿನ ಫೆಡರಲ್ ಕಾನೂನಿನ ಪ್ರಕಾರ ಏಷ್ಯಾದವರಿಗೆ ಪೌರತ್ವದ ಅರ್ಹತೆಯೇ ಇಲ್ಲವಾದ್ದರಿಂದ, ಅದು ಮುಖ್ಯವಾಗಿ ಜಪಾನಿ ರೈತರ ಕೊರಳಿಗೆ ಬಿಗಿದ ಕುಣಿಕೆಯಾಗಿತ್ತು. ಮುಕ್ಕಾಲು ಪಾಲು ಮತದಾರರು ಒಪ್ಪಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ, ಕರಬೂಜ ಬೆಳೆಯುತ್ತಿದ್ದ ಪಂಜಾಬಿ ರೈತರೂ ಅದೇ ಕಾನೂನಿನ ಬಲೆಗೆ ಬಿದ್ದರು. ತಾವು ಉತ್ತ ನೆಲವನ್ನು ನಂಬಿಕಸ್ಥ ಬಿಳಿಯರ ಹೆಸರಿನಲ್ಲೋ, ಅಲ್ಲೇ ಹುಟ್ಟಿ ಪೌರರಾದ ಮಕ್ಕಳ ಹೆಸರಿನಲ್ಲೋ ಬರೆಸಿ ಬದುಕಿದರು. ಪೌರತ್ವವಿಲ್ಲದವರಿಗೆ ಮತವಿಲ್ಲ, ಮತವಿಲ್ಲದವರ ಭೂಮಿಯ ಮೇಲೆ ಮತದಾನ.

ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಈ ಕಾನೂನುಗಳನ್ನು ಇನ್ನಷ್ಟು ಗಟ್ಟಿಮಾಡುವ ತಿದ್ದುಪಡಿ 1946ರಲ್ಲಿ ಮತಪತ್ರಕ್ಕೆ ಬಂದಾಗ ಮತದಾರರು ಅದನ್ನು ಸೋಲಿಸಿದರು. ಆ ವರ್ಷವೇ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಕಾನೂನನ್ನು ಅಸಿಂಧುಗೊಳಿಸಿತು, 1956ರಲ್ಲಿ ಮತದಾರರೇ ಅದನ್ನು ಪುಸ್ತಕದಿಂದ ಕಿತ್ತುಹಾಕಿದರು. ಹಕ್ಕು ಕಸಿದ ಕೈ, ಮನಸ್ಸು ಬದಲಿಸಿದ ಕೈ, ಅಳಿಸಿದ ಕೈ ಎಲ್ಲವೂ ಮತದಾರರದೇ; ನಡುವೆ ನಿಂತು ತಡೆದದ್ದು ಮಾತ್ರ ನ್ಯಾಯಾಲಯ. ಪ್ರಪೊಸಿಷನ್ 8ರ ಹಾದಿಯೂ ಹೆಚ್ಚುಕಡಿಮೆ ಹೀಗೇ ಸಾಗಿದ್ದನ್ನು ನೀವು ಗುರುತಿಸಬಹುದು. ಆದರೆ 1920ರಲ್ಲಿ ಜಮೀನು ಕಳೆದುಕೊಂಡ ರೈತನಿಗೆ 1956ರ ತಿದ್ದುವಿಕೆಯಿಂದ ಏನು ಸಿಕ್ಕಿತು? ಮತದಾರರು ಕಾಲಾನಂತರ ಸರಿಹೋಗುತ್ತಾರೆ ಎಂದು ಸಮಾಧಾನ ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ.

ಹಾಗಾದರೆ ಬಹುಮತಕ್ಕೆ ಲಗಾಮು ಇಲ್ಲವೇ ಎಂದರೆ, ಇದೆ, ಆದರೆ ಎಲ್ಲ ಸಲವೂ ಅದು ಬಿಗಿಯಾಗಿರುವುದಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಿ ಭೇದ ಮಾಡಬಾರದೆಂದು ಕ್ಯಾಲಿಫೋರ್ನಿಯಾದ ಶಾಸಕಾಂಗ 1963ರಲ್ಲಿ ಕಾನೂನು ಮಾಡಿತು. ಮರುವರ್ಷವೇ ಅದನ್ನು ಬುಡಮೇಲು ಮಾಡುವ ಹದಿನಾಲ್ಕನೇ ಪ್ರಪೊಸಿಷನ್ ಶೇಕಡಾ 65ರಷ್ಟು ಮತಗಳಿಂದ ಗೆದ್ದಿತು. ಮಾಲೀಕರು ಯಾರಿಗೆ ಬೇಕೋ ಅವರಿಗೆ ಮನೆ ಕೊಡುವ ಸ್ವಾತಂತ್ರ್ಯ ಎಂದು ಅದು ತನ್ನನ್ನು ವರ್ಣಿಸಿಕೊಂಡಿತ್ತು. ಜನಾಂಗ ಎಂಬ ಪದವೇ ಅದರಲ್ಲಿರಲಿಲ್ಲ. 1967ರಲ್ಲಿ ದೇಶದ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಅದನ್ನು ರದ್ದು ಮಾಡಿತು. ಐದು ನಾಲ್ಕು ಎಂದರೆ ಒಬ್ಬ ನ್ಯಾಯಾಧೀಶರ ಅಂತರ. ಕೊಲೊರಾಡೊದಲ್ಲಿ 1992ರಲ್ಲಿ, ಸಲಿಂಗಿಗಳಿಗೆ ಭೇದಭಾವದಿಂದ ರಕ್ಷಣೆ ಕೊಡುವ ಯಾವ ಕಾನೂನನ್ನೂ ಯಾವ ನಗರಸಭೆಯೂ ಮಾಡುವಂತಿಲ್ಲ ಎಂಬ ತಿದ್ದುಪಡಿ ಶೇಕಡಾ 53ರಷ್ಟು ಮತ ಪಡೆದಿತ್ತು. 1996ರಲ್ಲಿ ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದ ಆರು ಮೂರರ ತೀರ್ಪು ಅದನ್ನು ತಳ್ಳಿಹಾಕುತ್ತಾ, ಒಂದು ಗುಂಪಿನ ಜನರ ಮೇಲಿನ ದ್ವೇಷವನ್ನು ಬಿಟ್ಟು ಈ ತಿದ್ದುಪಡಿಗೆ ಬೇರೆ ಕಾರಣ ಕಾಣುವುದಿಲ್ಲ ಎಂಬ ಅರ್ಥದ ಮಾತು ಹೇಳಿತು. ಅದೇ ನ್ಯಾಯಾಲಯ 2014ರಲ್ಲಿ, ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಷೇಧಿಸಿದ ಮಿಷಿಗನ್ ಮತದಾರರ ತೀರ್ಮಾನವನ್ನು ಎತ್ತಿಹಿಡಿಯಿತು. ಆದ್ದರಿಂದ ನ್ಯಾಯಾಲಯ ಇದ್ದೇ ಇದೆಯಲ್ಲ ಎಂದು ಮತದಾರರು ಕೈಚೆಲ್ಲಿ ಕೂರುವಂತಿಲ್ಲ.

ಇಲ್ಲಿ ಒಂದು ಹೋಲಿಕೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಪ್ರಪೊಸಿಷನ್ 8 ಬರಿಯ ತಿದ್ದುಪಡಿಯಲ್ಲ, ಸಂವಿಧಾನದ ಅಡಿಪಾಯವನ್ನೇ ಕದಲಿಸುವ ಪುನಾರಚನೆ, ಅಂಥದ್ದನ್ನು ಸಹಿ ಸಂಗ್ರಹದ ಮೂಲಕ ಮಾಡಲು ಬರುವುದಿಲ್ಲ ಎಂದು 2009ರಲ್ಲಿ ಕೆಲವರು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಆರು ನ್ಯಾಯಾಧೀಶರು ಒಪ್ಪಲಿಲ್ಲ. ಕಾರ್ಲೋಸ್ ಮೊರೆನೊ ಒಬ್ಬರೇ, ಅಲ್ಪಸಂಖ್ಯಾತರ ಸಮಾನತೆಯನ್ನು ಬಹುಮತದ ಕೈಗೆ ಬಿಟ್ಟುಕೊಟ್ಟರೆ ಸಮಾನತೆ ಎಂಬ ಮಾತಿನ ಹುರುಳೇ ಹೋಗುತ್ತದೆ ಎಂಬ ನಿಲುವಿನಿಂದ ಭಿನ್ನಮತ ಬರೆದರು. ನಮ್ಮಲ್ಲಿ ಇಂಥದೇ ವಾದ 1973ರಲ್ಲಿ ಏಳು ಆರರ ಬಹುಮತದಿಂದ ಗೆದ್ದಿದೆ. ಸಂಸತ್ತಿನ ಎಷ್ಟೇ ದೊಡ್ಡ ಬಹುಮತವೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬ ಆ ತೀರ್ಪಿಗೆ ತಮ್ಮ ಹೆಸರು ಕೊಟ್ಟವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು. ಅಮೆರಿಕದ ರಾಜ್ಯಗಳ ಸಂವಿಧಾನಗಳಿಗೆ ಅಂಥ ಬಲವಾದ ಬೇಲಿ ಇಲ್ಲ. ಮೊರೆನೊ ಅವರ ಮಾತೇ ಸರಿ ಎಂಬುದು ನನ್ನ ಅಭಿಪ್ರಾಯ.

ಈಗ ಆರನೇ ಪ್ರಪೊಸಿಷನ್. ಕ್ಯಾಲಿಫೋರ್ನಿಯಾದ ಸಂವಿಧಾನ ಗುಲಾಮಗಿರಿಯನ್ನು ಸಂಪೂರ್ಣವಾಗಿ ನಿಷೇಧಿಸುತ್ತದೆ. ಬಲವಂತದ ದುಡಿಮೆಯನ್ನು ಮಾತ್ರ ಅಪರಾಧಕ್ಕೆ ಶಿಕ್ಷೆಯಾಗಿ ಉಳಿಸಿಕೊಂಡಿದೆ. ಆ ಒಂದು ವಿನಾಯಿತಿಯನ್ನು ತೆಗೆಯಬೇಕೆ ಎನ್ನುವುದಷ್ಟೇ ಪ್ರಶ್ನೆ. ಮನೆಗೆ ಬಂದಿದ್ದ ಮತದಾರರ ಕೈಪಿಡಿಯನ್ನು ನೀವು ತೆರೆದಿದ್ದರೆ ಒಂದು ವಿಚಿತ್ರ ಕಂಡಿರುತ್ತದೆ. ಪ್ರತಿ ಪ್ರಪೊಸಿಷನ್ನಿಗೂ ಪರವಾದ ವಾದ, ವಿರುದ್ಧದ ವಾದ ಎಂದು ಜಾಗ ಬಿಟ್ಟಿರುತ್ತಾರೆ. ಆರನೆಯದಕ್ಕೆ ವಿರುದ್ಧದ ವಾದವನ್ನು ಯಾರೂ ಸಲ್ಲಿಸಿಯೇ ಇರಲಿಲ್ಲ. ಆದರೂ ಶೇಕಡಾ 53ರಷ್ಟು ಜನ ಬೇಡ ಎಂದರು.

ಒಂದು ಕಾರಣ ಆ ವರ್ಷದ ಗಾಳಿ. ಅದೇ ಮತಪತ್ರದಲ್ಲಿ ಕಳ್ಳತನ ಮತ್ತು ಮಾದಕ ವಸ್ತುಗಳ ಅಪರಾಧಗಳಿಗೆ ಶಿಕ್ಷೆ ಹೆಚ್ಚಿಸುವ ಪ್ರಪೊಸಿಷನ್ 36 ಇತ್ತು, ಅದು ಶೇಕಡಾ 68ರಷ್ಟು ಮತಗಳಿಂದ ಗೆದ್ದಿತು. ಅಂಗಡಿಗಳ ಗಾಜು ಒಡೆದ ಸುದ್ದಿಗಳನ್ನು ದಿನವೂ ನೋಡಿದವರು ಕೈದಿಗಳಿಗೆ ಅನುಕೂಲ ಎನ್ನಿಸುವ ಯಾವುದಕ್ಕೂ ಒಲಿಯುವ ಮನಸ್ಸಿನಲ್ಲಿರಲಿಲ್ಲ. ಇನ್ನೊಂದು ಕಾರಣ ಪದಗಳದು. ಅದೇ ದಿನ ಪಕ್ಕದ ನೆವಾಡಾದಲ್ಲಿ ಇಂಥದೇ ಪ್ರಶ್ನೆ ಸುಮಾರು ಶೇಕಡಾ 60ರಷ್ಟು ಮತಗಳಿಂದ ಗೆದ್ದಿತು, ಏಕೆಂದರೆ ಅಲ್ಲಿನ ಮತಪತ್ರದಲ್ಲಿ ಗುಲಾಮಗಿರಿ ಎಂಬ ಪದ ಎದ್ದು ಕಾಣುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಗುಲಾಮಗಿರಿ ಮೊದಲೇ ನಿಷಿದ್ಧವಾದ್ದರಿಂದ ಶೀರ್ಷಿಕೆಯಲ್ಲಿ ಉಳಿದದ್ದು, ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ತಟ್ಟನೆ ಹೊಳೆಯದ, ಅನೈಚ್ಛಿಕ ಸೇವೆ ಎಂಬರ್ಥದ ಕಾನೂನಿನ ಮಾತು. ಮೂರನೆಯ ಕಾರಣವನ್ನು ನೀವೇ ಊಹಿಸಿರುತ್ತೀರಿ: ರಾಜ್ಯದ ಸೆರೆಮನೆಗಳಲ್ಲಿ ಶಿಕ್ಷೆ ಅನುಭವಿಸುತ್ತಿರುವವರಿಗೆ ಮತವಿಲ್ಲ. ಮೂರನೇ ಪ್ರಪೊಸಿಷನ್ನಿನಿಂದ ಪ್ರಯೋಜನ ಪಡೆಯುವವರು ಮತದಾರರ ನಡುವೆಯೇ ಇದ್ದರು. ಅವರ ಅಪ್ಪ ಅಮ್ಮಂದಿರು, ನೆರೆಹೊರೆಯವರು, ಸಹೋದ್ಯೋಗಿಗಳು ಇದ್ದರು. ಆರನೆಯದರ ಜನ ಗೋಡೆಯ ಆಚೆ ಇದ್ದರು.

ಪದಗಳ ವಿಷಯ ಸಣ್ಣದು ಎನ್ನಿಸಬಹುದು, ಆದರೆ ಅದರಿಂದ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಕೊಲೊರಾಡೊ ಸಾಕ್ಷಿ. 2016ರಲ್ಲಿ ಅಲ್ಲಿನ ಮತಪತ್ರ ಕೇಳಿದ ಪ್ರಶ್ನೆಯ ತಾತ್ಪರ್ಯ ಹೀಗಿತ್ತು: ಅಪರಾಧಕ್ಕೆ ಶಿಕ್ಷೆಯಾದಾಗ ಗುಲಾಮಗಿರಿ ಮತ್ತು ಬಲವಂತದ ದುಡಿಮೆಯ ನಿಷೇಧಕ್ಕೆ ಇರುವ ವಿನಾಯಿತಿಯ ತೆಗೆದುಹಾಕುವಿಕೆಗೆ ಸಂಬಂಧಿಸಿದ ತಿದ್ದುಪಡಿ ಆಗಬೇಕೆ? ನಿಷೇಧ, ಅದಕ್ಕೆ ವಿನಾಯಿತಿ, ಆ ವಿನಾಯಿತಿಯ ರದ್ದು. ಗುಲಾಮಗಿರಿ ಬೇಡ ಎನ್ನುವವರು ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಎಂದು ತಿಳಿಯದೆ ಪೆನ್ನು ಹಿಡಿದು ನಿಂತರು. ಕೂದಲೆಳೆಯ ಅಂತರದಲ್ಲಿ ಅದು ಸೋತಿತು. ಎರಡು ವರ್ಷಗಳ ನಂತರ, ಎಲ್ಲ ಸಂದರ್ಭಗಳಲ್ಲೂ ಗುಲಾಮಗಿರಿಯನ್ನು ನಿಷೇಧಿಸಬೇಕೆ ಎಂದು ಅದೇ ವಿಷಯವನ್ನು ನೇರವಾಗಿ ಕೇಳಿದಾಗ ಮೂರನೇ ಎರಡರಷ್ಟು ಜನ ಹೌದು ಎಂದರು. ಕ್ಯಾಲಿಫೋರ್ನಿಯಾದಲ್ಲಿ ಶೀರ್ಷಿಕೆ ಬರೆಯುವವರು ಅಟಾರ್ನಿ ಜನರಲ್. 2008ರಲ್ಲಿ ಆ ಸ್ಥಾನದಲ್ಲಿದ್ದ ಜೆರ್ರಿ ಬ್ರೌನ್, ಮದುವೆಯಾಗುವ ಹಕ್ಕನ್ನು ರದ್ದು ಮಾಡುತ್ತದೆ ಎಂಬ ಒಕ್ಕಣೆಯನ್ನು ಪ್ರಪೊಸಿಷನ್ 8ರ ನೆತ್ತಿಯ ಮೇಲೆ ಬರೆದಾಗ ಪ್ರವರ್ತಕರು ಕೋರ್ಟಿಗೆ ಹೋದರು, ಶೀರ್ಷಿಕೆ ಹಾಗೆಯೇ ಉಳಿಯಿತು.

ಒಕ್ಕಣೆ ಸರಿಯಿದ್ದರೂ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಅಂತರ್ಜನಾಂಗೀಯ ವಿವಾಹದ ನಿಷೇಧವನ್ನು ದೇಶದ ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 1967ರಲ್ಲಿ. ಅಲಬಾಮಾದ ಸಂವಿಧಾನದಿಂದ ಆ ಮಾತನ್ನು ಅಳಿಸಲು 2000ದ ಇಸವಿಯಲ್ಲಿ ಮತ ಕೇಳಿದಾಗ ಸುಮಾರು ಶೇಕಡಾ 40ರಷ್ಟು ಮತದಾರರು ಅಳಿಸಬೇಡಿ ಎಂದರು. ಬಿಳಿಯ ಮತ್ತು ಕರಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಎಂಬ ಸಾಲನ್ನು ತೆಗೆಯುವ ತಿದ್ದುಪಡಿ 2004ರಲ್ಲಿ 2,000ಕ್ಕೂ ಕಡಿಮೆ ಮತಗಳಿಂದ ಸೋತಿತು. ಅದರ ಜೊತೆಗಿದ್ದ ಇನ್ನೊಂದು ಭಾಗದಿಂದ ಶಿಕ್ಷಣವು ಹಕ್ಕಾಗಿ, ತೆರಿಗೆ ಏರಿಸಲು ಕೋರ್ಟುಗಳಿಗೆ ದಾರಿಯಾಗುತ್ತದೆ ಎಂದು ವಿರೋಧಿಗಳು ಹೆದರಿಸಿದ್ದರು. 2012ರಲ್ಲಿ ಮತ್ತೆ ಸೋಲು. ಕೊನೆಗೆ 2022ರಲ್ಲಿ, ಜನಾಂಗಭೇದದ ಭಾಷೆಯನ್ನು ತೆಗೆದು ಮರುಜೋಡಿಸಿದ ಇಡೀ ಸಂವಿಧಾನವನ್ನು ಅಲ್ಲಿನ ಮತದಾರರು ಒಪ್ಪಿದರು.

ಮತದಾರರ ಮೇಲೆ ನಂಬಿಕೆ ಕಳೆದುಕೊಳ್ಳುವುದಕ್ಕೆ ಮುಂಚೆ ಇನ್ನೊಂದು ಮಗ್ಗುಲನ್ನೂ ನೋಡಿ. ಸಲಿಂಗಿ ಶಿಕ್ಷಕರನ್ನು ಮತ್ತು ಅವರ ಪರ ಮಾತಾಡುವವರನ್ನೂ ಸರ್ಕಾರಿ ಶಾಲೆಗಳಿಂದ ತೆಗೆದುಹಾಕಬೇಕೆಂಬ ಪ್ರಪೊಸಿಷನ್ 1978ರಲ್ಲಿ ಕ್ಯಾಲಿಫೋರ್ನಿಯಾದ ಮುಂದೆ ಬಂದಾಗ, ಆರಂಭದಲ್ಲಿ ಅದು ಗೆದ್ದೇ ಗೆಲ್ಲುತ್ತದೆ ಎಂಬ ವಾತಾವರಣವಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಜನಪ್ರತಿನಿಧಿ ಹಾರ್ವೆ ಮಿಲ್ಕ್ ಸಲಿಂಗಿಗಳಿಗೆ ಒಂದೇ ಮಾತನ್ನು ಊರೂರಿನಲ್ಲಿ ಹೇಳಿದರು: ನೀವು ಯಾರೆಂದು ನಿಮ್ಮ ಮನೆಯವರಿಗೆ, ಸ್ನೇಹಿತರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ತಿಳಿಸಿ. ಸಂಪ್ರದಾಯವಾದಿಗಳ ನಾಯಕರಾಗಿದ್ದ ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಅವರೂ ಅದನ್ನು ಬಹಿರಂಗವಾಗಿ ವಿರೋಧಿಸಿದರು. ನವೆಂಬರ್ 7ರಂದು ಶೇಕಡಾ 58ರಷ್ಟು ಜನ ಅದನ್ನು ಸೋಲಿಸಿದರು. ಇಪ್ಪತ್ತೇ ದಿನಗಳಲ್ಲಿ ಮಿಲ್ಕ್ ತಮ್ಮ ಕಚೇರಿಯ ಕಟ್ಟಡದಲ್ಲೇ ಗುಂಡಿಗೆ ಬಲಿಯಾದರು.

ಫ್ಲಾರಿಡಾದ ಉದಾಹರಣೆಯಂತೂ ನನಗೆ ಬಹಳ ಪ್ರಿಯವಾದದ್ದು, ಅಷ್ಟೇ ನೋವು ಕೊಡುವಂಥದ್ದು. ಶಿಕ್ಷೆ ಮುಗಿಸಿ ಬಂದವರಿಗೆ ಮತದ ಹಕ್ಕನ್ನು ಮರಳಿ ಕೊಡಬೇಕೆಂದು 2018ರಲ್ಲಿ ಶೇಕಡಾ 64ಕ್ಕೂ ಹೆಚ್ಚು ಮತದಾರರು ಒಪ್ಪಿದರು. ಸುಮಾರು 14 ಲಕ್ಷ ಜನರ ಹಕ್ಕದು. ಆಂದೋಲನದ ಮುಂದಾಳು ಡೆಸ್ಮಂಡ್ ಮೀಡ್ ಸ್ವತಃ ಜೈಲಿನಿಂದ ಬಂದು ಕಾನೂನು ಓದಿದವರು. ತಾವೇ ಕಟ್ಟಿದ ಆಂದೋಲನಕ್ಕೆ ಅವರೇ ಮತ ಹಾಕುವಂತಿರಲಿಲ್ಲ. ಹೊರಗಿದ್ದವರಿಗಾಗಿ ಒಳಗಿದ್ದವರು ಬಾಗಿಲು ತೆರೆದದ್ದು ಇದು. ಮರುವರ್ಷವೇ ಶಾಸಕಾಂಗ, ನ್ಯಾಯಾಲಯದ ದಂಡ ಮತ್ತು ಶುಲ್ಕಗಳನ್ನೆಲ್ಲ ತೀರಿಸಿದವರಿಗೆ ಮಾತ್ರ ಈ ಹಕ್ಕು ಎಂದು ಕಾನೂನು ಮಾಡಿತು. ಯಾರದು ಎಷ್ಟು ಬಾಕಿ ಎಂದು ಒಂದೇ ಕಡೆ ನೋಡುವ ವ್ಯವಸ್ಥೆಯೂ ಅಲ್ಲಿರಲಿಲ್ಲ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಆರು ನಾಲ್ಕರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. ಗೆದ್ದ ಮತವೂ ಹೀಗೆ ಕೈಜಾರಬಹುದು. ಗೆಲುವಿನ ಗೆರೆಯನ್ನು ಎಲ್ಲಿ ಎಳೆಯುತ್ತಾರೆ ಎಂಬುದೂ ಮುಖ್ಯ: ಗರ್ಭಪಾತದ ಹಕ್ಕಿನ ತಿದ್ದುಪಡಿಗೆ 2024ರಲ್ಲಿ ಫ್ಲಾರಿಡಾದಲ್ಲಿ ಶೇಕಡಾ 57ರಷ್ಟು ಮತ ಬಿದ್ದರೂ ಅಲ್ಲಿ ಶೇಕಡಾ 60 ಬೇಕಾದ್ದರಿಂದ ಅದು ಸೋತಿತು, ಅದೇ ದಿನ ಮಿಸ್ಸೂರಿಯಲ್ಲಿ ಶೇಕಡಾ 52ಕ್ಕೂ ಕಡಿಮೆ ಪಡೆದ ತಿದ್ದುಪಡಿ ಗೆದ್ದಿತು. ಒಹಾಯೊದಲ್ಲಿ 2023ರ ಆಗಸ್ಟ್‌ನಲ್ಲಿ ಇದೇ ಗೆರೆಯನ್ನು 50ರಿಂದ 60ಕ್ಕೆ ಏರಿಸಲು ಹೊರಟಾಗ ಮತದಾರರು ಅದರ ಹಿಂದಿನ ಲೆಕ್ಕಾಚಾರವನ್ನು ಅರ್ಥಮಾಡಿಕೊಂಡು ತಿರಸ್ಕರಿಸಿದರು. ರಿಪಬ್ಲಿಕನ್ನರ ಭದ್ರಕೋಟೆಯಾದ ಕ್ಯಾನ್ಸಾಸಿನಲ್ಲಿ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕನ್ನು ಸಂವಿಧಾನದಿಂದ ತೆಗೆಯುವ ತಿದ್ದುಪಡಿಯನ್ನು ಶೇಕಡಾ 59ರಷ್ಟು ಜನ ಸೋಲಿಸಿದ್ದರು. ಅಲ್ಲಿ ಹಕ್ಕು ಯಾರದೋ ಅವರೇ ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದರು ಎಂಬುದನ್ನು ಮರೆಯಬಾರದು.

ನ್ಯಾಯವೇ ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರ ಹೀಗಿದೆ. ಹಕ್ಕನ್ನು ವಿಸ್ತರಿಸಲು, ಅಥವಾ ಎಲ್ಲರ ಮೇಲೂ ಸಮನಾಗಿ ಬೀಳುವ ವಿಷಯವನ್ನು ತೀರ್ಮಾನಿಸಲು ಜನಮತ ಯೋಗ್ಯವಾದ ದಾರಿ. ಹಾಗೆ ಗಳಿಸಿದ ಹಕ್ಕಿಗೆ ನ್ಯಾಯಾಲಯದ ತೀರ್ಪಿಗಿಂತ ಆಳವಾದ ಬೇರು ಇರುತ್ತದೆ. ಆದರೆ ತಮಗೆ ಎಂದೂ ತಟ್ಟದ ಕಾನೂನನ್ನು ಒಂದು ಬಹುಮತ ಇನ್ನೊಂದು ಗುಂಪಿನ ಮೇಲೆ ಹೇರಲು, ಅದರಲ್ಲೂ ಅರ್ಧಕ್ಕಿಂತ ಒಂದು ಮತ ಹೆಚ್ಚು ಎಂಬ ಆಧಾರದಲ್ಲಿ ಸಂವಿಧಾನವನ್ನೇ ಬದಲಿಸಲು ಬಿಡುವುದು ನ್ಯಾಯವಲ್ಲ. ಅಂಥ ಪ್ರಶ್ನೆ ಮತಪತ್ರಕ್ಕೆ ಬರಬಾರದಿತ್ತು ಎಂದು ನಿಮಗೆ ಅನ್ನಿಸಿದರೂ ಆ ಸಾಲನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟ ಮತ ಎಣಿಕೆಗೆ ಬರುವುದಿಲ್ಲ, ಉಳಿದವರ ಮತದ ತೂಕ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಮುಂದಿನ ಸಲ ಕೈಪಿಡಿ ಬಂದಾಗ ಶೀರ್ಷಿಕೆಯನ್ನು ಬಿಟ್ಟು ಹಿಂದಿನ ಪುಟಗಳಿಗೆ ಹೋಗಿ. ಅಲ್ಲಿ ಕಾನೂನಿನ ಪೂರ್ಣ ಪಠ್ಯವಿರುತ್ತದೆ. ತೆಗೆಯುವ ಪದಗಳ ಮೇಲೆ ಅಡ್ಡಗೆರೆ ಎಳೆದಿರುತ್ತಾರೆ, ಸೇರಿಸುವ ಪದಗಳನ್ನು ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಮೂರನೇ ಪ್ರಪೊಸಿಷನ್ನಿನ ಪಠ್ಯದಲ್ಲಿ 2008ರ ಆ ವಾಕ್ಯ ಅಡ್ಡಗೆರೆಯ ಕೆಳಗೆ ಪೂರ್ತಿ ಓದುವಂತೆಯೇ ಇತ್ತು. ಇನ್ನೊಂದು ಎಚ್ಚರ: ಸಾಮಾನ್ಯವಾಗಿ ಹೌದು ಎಂದರೆ ಬದಲಾವಣೆ, ಇಲ್ಲ ಎಂದರೆ ಇದ್ದದ್ದು ಇದ್ದಂತೆ. ಆದರೆ ಶಾಸಕಾಂಗ ಆಗಲೇ ಮಾಡಿರುವ ಕಾನೂನೊಂದನ್ನು ತಡೆಯಲು ಸಹಿ ಸಂಗ್ರಹಿಸಿ ತಂದ ರೆಫರೆಂಡಮ್ ಆಗಿದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಹೌದು ಎಂದರೆ ಆ ಕಾನೂನು ಉಳಿಯುತ್ತಿತ್ತು, ಇಲ್ಲ ಎಂದರೆ ಬೀಳುತ್ತಿತ್ತು; 2023ರಲ್ಲಿ ಬಂದ ಕಾನೂನಿನಿಂದಾಗಿ ಈಗ ಹೌದು, ಇಲ್ಲ ಎಂಬುದರ ಬದಲು ಕಾನೂನನ್ನು ಉಳಿಸಿ, ಕಾನೂನನ್ನು ರದ್ದುಮಾಡಿ ಎಂಬ ಆಯ್ಕೆಗಳೇ ಇರುತ್ತವೆ.